ಥೀಮ್ ಪಾರ್ಕ್ ಅಂದರೆ ಬೈಗುಳವೇ?

ಸೂಪರ್‌ಹೀರೋ ಚಿತ್ರಗಳು ನಿಜವಾದ ಸಿನಿಮಾನಾ ಅನ್ನೋ ಜಗಳ ಇನ್ನೂ ಆರಿಲ್ಲ. ಕಿಡಿ ಹಚ್ಚಿದ್ದು ಹಾಲಿವುಡ್‌ನ ಹಿರಿಯ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ. 2019ರ ಅಕ್ಟೋಬರ್‌ನಲ್ಲಿ ಎಂಪೈರ್ ಪತ್ರಿಕೆ ಅವೆಂಜರ್ಸ್ ಸರಣಿಯ ಸ್ಟುಡಿಯೋ ಮಾರ್ವೆಲ್‌ನ ಚಿತ್ರಗಳ ಬಗ್ಗೆ ಕೇಳಿದಾಗ, ಅದು ಸಿನಿಮಾ ಅಲ್ಲ, ಥೀಮ್ ಪಾರ್ಕ್ ಇದ್ದ ಹಾಗೆ ಅಂದುಬಿಟ್ಟರು. ಕೆಲವೇ ದಿನಕ್ಕೆ 'ಗಾಡ್‌ಫಾದರ್' ನಿರ್ದೇಶಕ ಕೊಪ್ಪೊಲಾ, 'ಸ್ಕಾರ್ಸೆಸಿ ಮೆತ್ತಗೆ ಹೇಳಿದ್ದಾರೆ, ನಾನಾಗಿದ್ರೆ ಹೇಯ ಅಂತಿದ್ದೆ' ಅನ್ನೋ ಧಾಟಿಯಲ್ಲಿ ಮಾತಾಡಿದರು. ಆಮೇಲೆ ಕೇಳಬೇಕೆ? ಒಂದು ಕಡೆ 'ಮುದುಕರಿಗೆ ಹೊಟ್ಟೆಕಿಚ್ಚು', ಇನ್ನೊಂದು ಕಡೆ 'ಮಕ್ಕಳಾಟ ನೋಡೋರಿಗೆ ಸಿನಿಮಾ ಏನು ಗೊತ್ತು'.

ನನಗೆ ಆ ಥೀಮ್ ಪಾರ್ಕ್ ಮಾತು ಮಾತ್ರ ಒಪ್ಪಿಗೆಯಾಗಿಲ್ಲ. ಸಿನಿಮಾ ಬೆಳೆದಿದ್ದೇ ಜಾತ್ರೆಯಲ್ಲಿ. 1902ರಲ್ಲಿ ತನ್ನ ಚಿತ್ರದಲ್ಲಿ ಚಂದ್ರನ ಕಣ್ಣಿಗೆ ರಾಕೆಟ್ ನೆಟ್ಟ ಫ್ರಾನ್ಸಿನ ಜಾರ್ಜ್ ಮೆಲಿಯೆ ಮೂಲತಃ ರಂಗದ ಮೇಲಿನ ಜಾದೂಗಾರ. ಆತನ ಚಿತ್ರಗಳನ್ನು ಸಂತೆ ಜಾತ್ರೆಗಳಲ್ಲಿ ಗುಡಾರ ಹಾಕಿ ತೋರಿಸುತ್ತಿದ್ದರು. ನಮ್ಮ ಊರುಗಳಿಗೂ ಸಿನಿಮಾ ಬಂದಿದ್ದು ಟೂರಿಂಗ್ ಟಾಕೀಸಿನ ಟೆಂಟಿನಲ್ಲೇ ತಾನೆ? ಅದೇ ಮೆಲಿಯೆ ಬಗ್ಗೆ 2011ರಲ್ಲಿ 'ಹ್ಯೂಗೊ' ಅಂತ ಅಷ್ಟು ಪ್ರೀತಿಯಿಂದ ಚಿತ್ರ ಮಾಡಿದ್ದು ಯಾರು? ಇದೇ ಸ್ಕಾರ್ಸೆಸಿ! ಕಣ್ಕಟ್ಟು, ಗಿರಗಿಟ್ಲೆ, ಬೆರಗು ಇದ್ದ ಮಾತ್ರಕ್ಕೆ ಜಾತಿಯಿಂದ ಹೊರಗೆ ಹಾಕೋದಾದರೆ ಮೊದಲು ಹೋಗಬೇಕಾದವನು ಮೆಲಿಯೆ.

ಆದರೆ ಜಗಳಕ್ಕೆ ನಿಂತವರಲ್ಲಿ ಹೆಚ್ಚಿನವರು ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಸ್ಕಾರ್ಸೆಸಿ ಬರೆದ ಲೇಖನ ಓದಿದ ಹಾಗಿಲ್ಲ. ಅಲ್ಲಿ ಅವರ ತಕರಾರು ಮುಖವಾಡದ ಮೇಲೂ ಅಲ್ಲ, ಗ್ರಾಫಿಕ್ಸ್ ಮೇಲೂ ಅಲ್ಲ. ಈ ಚಿತ್ರಗಳಲ್ಲಿ ಯಾರೂ ಯಾವುದನ್ನೂ ಪಣಕ್ಕಿಡುತ್ತಿಲ್ಲ, ಎಲ್ಲವನ್ನೂ ಮಾರುಕಟ್ಟೆಗೆ ತೋರಿಸಿ, ತಿದ್ದಿ, ಮತ್ತೆ ತೋರಿಸಿ ಬಿಡುತ್ತಾರೆ ಅನ್ನೋದು. ಇದಕ್ಕೆ ನನ್ನ ಪೂರ್ತಿ ಸಹಮತ ಇದೆ.

ಅರ್ಜೆಂಟೀನಾದ ನಿರ್ದೇಶಕಿ ಲುಕ್ರೇಸಿಯಾ ಮಾರ್ಟೆಲ್ ಕಥೆ ನೋಡಿ. 'ಬ್ಲ್ಯಾಕ್ ವಿಡೋ' ವಿಷಯಕ್ಕೆ ಮಾರ್ವೆಲ್‌ನವರು ಮಾತುಕತೆಗೆ ಕರೆದಾಗ, ಫೈಟ್ ಸೀನ್‌ಗಳ ಚಿಂತೆ ನಿಮಗೆ ಬೇಡ, ಅದನ್ನು ನಾವು ನೋಡಿಕೊಳ್ಳುತ್ತೇವೆ ಅಂದರಂತೆ. ಮಾರ್ಟೆಲ್ ಅವರೇ 2018ರಲ್ಲಿ ಹೇಳಿಕೊಂಡಿದ್ದು. ಅಲ್ಲಾ, ಸೂಪರ್‌ಹೀರೋ ಚಿತ್ರದಿಂದ ಫೈಟ್ ತೆಗೆದರೆ ನಿರ್ದೇಶಕರಿಗೆ ಉಳಿಯೋದೇನು? ನಿರ್ದೇಶಕ ಎಡ್ಗರ್ ರೈಟ್ ಮಾರ್ವೆಲ್‌ನ 'ಆ್ಯಂಟ್-ಮ್ಯಾನ್' ಮೇಲೆ ವರ್ಷಗಟ್ಟಲೆ ಕೂತು, ಕೊನೆಗೆ 2014ರಲ್ಲಿ ಕೈಬಿಟ್ಟು ಎದ್ದು ಹೋದರು. ಚಿತ್ರ ಮಾತ್ರ ಮರುವರ್ಷ ಬೇರೆಯವರ ನಿರ್ದೇಶನದಲ್ಲಿ ಆರಾಮಾಗಿ ತೆರೆಗೆ ಬಂತು.

ಅವೆಂಜರ್ಸ್ ಸರಣಿಯ 'ಇನ್ಫಿನಿಟಿ ವಾರ್' ಕೊನೆಯಲ್ಲಿ ಪೀಟರ್ ಪಾರ್ಕರ್, ಅಂದರೆ ಸ್ಪೈಡರ್-ಮ್ಯಾನ್, ನನಗೆ ಹೋಗೋಕೆ ಇಷ್ಟ ಇಲ್ಲ ಅಂತ ಐರನ್ ಮ್ಯಾನ್ ಟೋನಿ ಸ್ಟಾರ್ಕ್‌ನ ಅಪ್ಪಿಕೊಂಡು ಧೂಳಾಗುತ್ತಾನೆ. ಟಾಮ್ ಹಾಲಂಡ್ ಅಭಿನಯದಲ್ಲಿ ಒಂದು ಚೂರೂ ಕೊರತೆಯಿಲ್ಲ. ಆದರೆ ಸ್ಪೈಡರ್-ಮ್ಯಾನ್ ಮುಂದಿನ ಚಿತ್ರಕ್ಕೆ ದಿನಾಂಕ ಆಗಲೇ ಗೊತ್ತಾಗಿತ್ತು. ವಾಪಸ್ ಬರೋದು ಖಾತ್ರಿ ಇರುವವನಿಗೆ ಎಷ್ಟು ಹೊತ್ತು ಅಳೋಣ?

ಈಗ ಇದೇ ಪೀಟರ್ ಪಾರ್ಕರ್‌ನ ನಿರ್ದೇಶಕ ಸ್ಯಾಮ್ ರೈಮಿಯ 2004ರ 'ಸ್ಪೈಡರ್-ಮ್ಯಾನ್ 2'ರಲ್ಲಿ ನೋಡಿ. ಬ್ರೇಕ್ ಕೆಟ್ಟ ರೈಲಿನ ಮುಂದೆ ನಿಂತು ಎರಡೂ ಬದಿಯ ಕಟ್ಟಡಗಳಿಗೆ ಬಲೆ ಎಸೆದು ಜಗ್ಗುತ್ತಾನೆ. ಬಟ್ಟೆ ಹರಿಯುತ್ತೆ, ಮುಖದ ನರ ಬಿಗಿಯುತ್ತೆ; ಮುಖವಾಡ ಆಗಲೇ ಹೋಗಿರುತ್ತೆ. ರೈಲು ನಿಂತ ಮೇಲೆ ಎಚ್ಚರ ತಪ್ಪಿ ಬೀಳುವವನನ್ನು ಹಿಂದಿನಿಂದ ಕೈಗಳು ಹಿಡಿದುಕೊಳ್ಳುತ್ತವೆ. ಪ್ರಯಾಣಿಕರು ತಲೆ ಮೇಲಿಂದ ಕೈಯಿಂದ ಕೈಗೆ ದಾಟಿಸಿ ನೆಲಕ್ಕೆ ಮಲಗಿಸುತ್ತಾರೆ. ಅಯ್ಯೋ, ಇವನಿನ್ನೂ ಹುಡುಗ, ನನ್ನ ಮಗನಷ್ಟೇ ವಯಸ್ಸು ಅಂತಾನೆ ಒಬ್ಬ. ಇಷ್ಟು ಹೊತ್ತು ಊರನ್ನು ಕಾದವನನ್ನು ಈಗ ಊರೇ ಎತ್ತಿಕೊಂಡಿದೆ. ಅದೂ ನೂರಾರು ಕೋಟಿಯ ಸ್ಟುಡಿಯೋ ಚಿತ್ರವೇ, ಅದರಲ್ಲೂ ಗ್ರಾಫಿಕ್ಸ್ ಇದೆ. ಆದರೆ ಆ ದೃಶ್ಯದಲ್ಲಿ ರೈಮಿಯ ಕೈ ಎದ್ದು ಕಾಣುತ್ತೆ. ಇದು ಸಿನಿಮಾ ಅಲ್ಲ ಅನ್ನುವವರ ಜತೆ ವಾದ ಮಾಡೋ ತಾಳ್ಮೆ ನನಗಿಲ್ಲ.

(ಪ್ರಶಸ್ತಿ ತೋರಿಸಿ ಗೆಲ್ಲೋರಿಗೆ 'ಬ್ಲ್ಯಾಕ್ ಪ್ಯಾಂಥರ್'ನ ಮೂರು ಆಸ್ಕರ್ ಇದೆ, 'ಜೋಕರ್'ಗೆ ವೆನಿಸ್‌ನ ಗೋಲ್ಡನ್ ಲಯನ್ ಇದೆ. ನನಗೆ ಅದರಿಂದ ಏನೂ ಆಗಬೇಕಿಲ್ಲ.)

ಸ್ಕಾರ್ಸೆಸಿಗೆ ನಿಜವಾಗಿ ಉರಿದಿದ್ದು ಪರದೆಗಳ ವಿಷಯಕ್ಕೆ. ಅವೆಂಜರ್ಸ್ ಸರಣಿಯ 'ಎಂಡ್‌ಗೇಮ್' ಜಗತ್ತಿನಾದ್ಯಂತ 270 ಕೋಟಿ ಡಾಲರ್ ದಾಟಿದ ವರ್ಷವೇ ಅವರ 'ದಿ ಐರಿಶ್‌ಮನ್' ನೆಟ್‌ಫ್ಲಿಕ್ಸ್ ದುಡ್ಡಿನಲ್ಲಿ ಆಗಿ, ಕೆಲವೇ ಥಿಯೇಟರ್‌ಗಳಲ್ಲಿ ಕೆಲವೇ ವಾರ ಇದ್ದು ಮನೆ ಟಿವಿಗೆ ಬಂತು. ಅಷ್ಟು ದೊಡ್ಡ ಹೆಸರಿಗೇ ಆ ಗತಿ. ಇಲ್ಲಿ ಅವೆಂಜರ್ಸ್ ವಾರದಲ್ಲಿ ಕನ್ನಡದ ಹೊಸಬರ ಚಿತ್ರಕ್ಕೆ ಸಿಗೋದು ಬೆಳಗಿನ ಯಾರೂ ಬರದ ಒಂದು ಶೋ. ಹಾಗಂತ ಹಾಲಿವುಡ್‌ನ ಮಾತ್ರ ಬೈದರೆ ನ್ಯಾಯ ಅಲ್ಲ. ನಮ್ಮದೇ ಪ್ಯಾನ್ ಇಂಡಿಯಾ ಸ್ಟಾರ್‌ಗಳ ಚಿತ್ರ ಬಂದ ಶುಕ್ರವಾರ ಬುಕ್‌ಮೈಶೋ ತೆಗೆದು ನೋಡಿ, ಬೇರೆ ಚಿತ್ರಕ್ಕೆ ಸಂಜೆ ಏಳರ ಶೋ ಎಷ್ಟಿದೆ ಅಂತ.