ಕಾಲಾಣೆಯ ಮೇಲಿನ ಪಟ್ಟೆ: ಮಿಶ್ರಲೋಹದ ದೋಷವೋ, ಬರೀ ಟೋನಿಂಗೋ?

ಹಳೇ ಕಾಲಾಣೆಯ (ಆಣೆಯ ಕಾಲುಭಾಗದ ನಾಣ್ಯ) ಮೇಲೆ ಎರಡು ಬಣ್ಣ ಕಂಡರೆ ಸಾಕು, ‘ಅಲಾಯ್ ಮಿಕ್ಸ್ ಎರರ್ (ಮಿಶ್ರಲೋಹ ಸರಿಯಾಗಿ ಬೆರೆಯದ ದೋಷ), ಅಪರೂಪ’ ಅಂತ ಬರೆದು ಹತ್ತು ಪಟ್ಟು ಬೆಲೆಗೆ ಮಾರುವುದು ಈಗ ಮಾಮೂಲಾಗಿದೆ. ಹೊಸದಾಗಿ ನಾಣ್ಯ ಕೂಡಿಡುವವರು ಅದನ್ನು ನಂಬಿ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ನನ್ನ ಅಭಿಪ್ರಾಯ ಇಷ್ಟೇ: ಲೋಹ ಸರಿಯಾಗಿ ಬೆರೆತಿಲ್ಲ ಅನ್ನುವುದನ್ನು ನಾಣ್ಯವೇ ತೋರಿಸಿಕೊಡಬೇಕು. ಅಲ್ಲಿಯವರೆಗೆ ಅದು ಟೋನಿಂಗ್, ಅಂದರೆ ಕಾಲ ಕಳೆದಂತೆ ಗಾಳಿಗೆ ಮೈಬಣ್ಣ ತಿರುಗಿದ್ದು ಅಷ್ಟೇ, ಬೆಲೆಯೂ ಮಾಮೂಲಿ ಬೆಲೆಯೇ.

ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. ಈ ನಾಣ್ಯ ಮಿಶ್ರಲೋಹದ್ದು ಹೌದೇ? 1835ರ ಕಂಪನಿ ಕಾಲಾಣೆ, ವಿಕ್ಟೋರಿಯಾ ಕಾಲದ ಕಾಲಾಣೆ, ಏಳನೇ ಎಡ್ವರ್ಡ್‌ನ ಮೊದಲ ವರ್ಷಗಳ ಕಾಲಾಣೆ, ಎಲ್ಲವೂ ತಾಮ್ರದವು, ತೂಕ 6.47 ಗ್ರಾಂ. 1906ರಲ್ಲಿ ಕಂಚು ಬಂತು. 95 ಭಾಗ ತಾಮ್ರ, 4 ಭಾಗ ತವರ, 1 ಭಾಗ ಸತು, ತೂಕ 4.86 ಗ್ರಾಂ. 1906ರ ಇಸವಿಯಲ್ಲಿ ಎರಡೂ ಬಗೆ ಸಿಗುತ್ತವೆ, ತಕ್ಕಡಿಯಲ್ಲಿಟ್ಟರೆ ತಕ್ಷಣ ಗೊತ್ತಾಗುತ್ತದೆ. ಅಂದಮೇಲೆ 1862ರ ಕಾಲಾಣೆಗೆ ‘ಮಿಶ್ರಣ ಕೆಟ್ಟಿದೆ’ ಅನ್ನುವುದು ಹೇಗೆ? ಬೆರೆಸಲು ಅಲ್ಲಿ ಎರಡನೇ ಲೋಹವೇ ಇರಲಿಲ್ಲ. ತಾಮ್ರದೊಳಗೆ ಕಲ್ಮಶವೋ ಗಾಳಿಯೋ ಸಿಕ್ಕಿ ಪದರ ಏಳಬಹುದು, ಅದು ಲ್ಯಾಮಿನೇಷನ್, ಬೇರೆಯೇ ದೋಷ. ಟಿಪ್ಪುವಿನ ಆನೆ ಪೈಸೆಗೂ, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸಿಗೂ ‘ಅಲಾಯ್ ಮಿಕ್ಸ್’ ಅನ್ನುವ ಹೆಸರು ಅಂಟಿಸುವುದನ್ನು ದಯವಿಟ್ಟು ನಿಲ್ಲಿಸಿ. ಅವು ಕೈಯಲ್ಲಿ ಅಚ್ಚೊತ್ತಿದ ತಾಮ್ರದ ಕಾಸುಗಳು, ಅವುಗಳ ಮೈಬಣ್ಣ ಒಂದೇ ಸಮ ಇರಬೇಕೆಂದು ಬಯಸುವುದೇ ತಪ್ಪು.

ಇನ್ನು ಕಂಚಿನ ನಾಣ್ಯಕ್ಕೆ ಬರೋಣ. ತಾಮ್ರ ಕರಗುವುದು 1085 ಡಿಗ್ರಿಗೆ, ತವರ 232ಕ್ಕೆ, ಸತು ಸುಮಾರು 420ಕ್ಕೆ. ಸತು 907 ಡಿಗ್ರಿಗೇ ಕುದಿಯುತ್ತದೆ. ಅಂದರೆ ಕರಗಿದ ತಾಮ್ರಕ್ಕೆ ಹಾಕಿದ ಸತುವಿನಲ್ಲಿ ಒಂದಷ್ಟು ಆವಿಯಾಗಿ ಹೋಗುತ್ತದೆ. ಮೂಸೆಯಲ್ಲಿ ಚೆನ್ನಾಗಿ ಕಲಕದಿದ್ದರೆ ತವರ, ಸತು ಹೆಚ್ಚಿರುವ ಭಾಗಗಳು ಅಲ್ಲಲ್ಲೇ ಉಳಿಯುತ್ತವೆ. ಆ ಎರಕದ ಗಟ್ಟಿಯನ್ನು ರೋಲರ್‌ಗೆ ಕೊಟ್ಟು ತಗಡು ಮಾಡಿದಾಗ ಅವೆಲ್ಲ ಒಂದೇ ದಿಕ್ಕಿಗೆ ಎಳೆದುಕೊಂಡು ಉದ್ದನೆಯ ಎಳೆಗಳಾಗುತ್ತವೆ. ಬಿಲ್ಲೆ ಕತ್ತರಿಸುವುದು, ಅಚ್ಚೊತ್ತುವುದು ಎಲ್ಲ ಆಮೇಲೆ. ಮರದ ಹಲಗೆಯ ನಾರಿನಂತೆ ಕಾಣುವ ಪಟ್ಟೆ ಹುಟ್ಟುವುದು ಹೀಗೆ. 1909ರಿಂದ ಬಂದ ಅಮೆರಿಕದ ಹಳೇ ಲಿಂಕನ್ ಸೆಂಟ್‌ಗಳಲ್ಲಿ (95 ಭಾಗ ತಾಮ್ರ, 3.11 ಗ್ರಾಂ) ಇದು ಚೆನ್ನಾಗಿ ಕಾಣುತ್ತದೆ, ಅಲ್ಲಿಯವರು ವುಡ್‌ಗ್ರೇನ್ ಎನ್ನುತ್ತಾರೆ.

ಒಂದು ಸೂಕ್ಷ್ಮ ಇಲ್ಲಿದೆ. ಆ ಎಳೆಗಳು ನಮ್ಮ ಕಣ್ಣಿಗೆ ಬೀಳುವುದು ಟೋನಿಂಗ್‌ನಿಂದಲೇ. ತವರ, ಸತು ಹೆಚ್ಚಿರುವ ಎಳೆ ಗಾಳಿಗೆ ಒಂದು ಬಣ್ಣಕ್ಕೆ ತಿರುಗುತ್ತದೆ, ತಾಮ್ರ ಹೆಚ್ಚಿರುವುದು ಇನ್ನೊಂದಕ್ಕೆ. ಹಾಗಾಗಿ ಬಣ್ಣಕ್ಕಿಂತ ಆ ಬಣ್ಣ ಯಾವ ದಾರಿ ಹಿಡಿದಿದೆ ಅನ್ನುವುದು ಮುಖ್ಯ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ತೆಗೆದುಕೊಳ್ಳಿ, ಒಂದೇ ದೀಪವನ್ನು ಪಕ್ಕದಿಂದ ಓರೆಯಾಗಿ ಬೀಳಿಸಿ, ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ನಿಜವಾದ ಪಟ್ಟೆಗಳು ನೇರ, ಒಂದಕ್ಕೊಂದು ಸಮಾನಾಂತರ. ಬಯಲಿನಿಂದ (ಅಕ್ಷರ, ಚಿತ್ರ ಇಲ್ಲದ ಖಾಲಿ ಜಾಗ) ಅಕ್ಷರದ ಮೇಲೇರಿ, ರಾಜನ ಕೆನ್ನೆ ದಾಟಿ, ಅಂಚಿನವರೆಗೆ ಅದೇ ಜಾಡಿನಲ್ಲಿ ಸಾಗುತ್ತವೆ. ಆಮೇಲೆ ಪುಸ್ತಕದ ಹಾಳೆ ತಿರುವಿದಂತೆ ನಾಣ್ಯವನ್ನು ಮಗುಚಿ. ಮುಂದೆ ಪಟ್ಟೆ ಗಡಿಯಾರದ 1ರಿಂದ 7ರ ಕಡೆಗಿದ್ದರೆ ಹಿಂದೆ 11ರಿಂದ 5ರ ಕಡೆಗಿರಬೇಕು, ಏಕೆಂದರೆ ತಗಡನ್ನು ಉರುಳಿಸಿದ್ದು ಒಂದೇ ದಿಕ್ಕಿಗೆ. ಅದೇ ಪಟ್ಟೆ ಅದೇ ಜಾಗದಲ್ಲಿ ಇರಲೇಬೇಕೆಂದಿಲ್ಲ, ದಿಕ್ಕು ಮಾತ್ರ ಕೂಡಬೇಕು. ನನ್ನ ಲೆಕ್ಕದಲ್ಲಿ ಇದಕ್ಕಿಂತ ಗಟ್ಟಿ ಪರೀಕ್ಷೆ ಮನೆಯಲ್ಲಿ ಮಾಡುವಂಥದ್ದು ಇನ್ನೊಂದಿಲ್ಲ.

ಬರೀ ಟೋನಿಂಗ್‌ಗೆ ಅಕ್ಷರದ ಅಡ್ಡಿ ಗೊತ್ತಾಗುತ್ತದೆ. ಅಕ್ಷರಗಳ ಸುತ್ತ ಪ್ರಭೆಯಂತೆ ತಿಳಿ ಬಣ್ಣ ಉಳಿಯುತ್ತದೆ, ಅಂಚಿನಿಂದ ಒಳಕ್ಕೆ ಬಳೆ ಬಳೆಯಾಗಿ ಕಪ್ಪೇರುತ್ತದೆ. ಬೆರಳಚ್ಚಿನ ಗೆರೆ ಬಾಗಿರುತ್ತದೆ. ಮೇಲೊಂದು ನಾಣ್ಯ ಕೂತಿದ್ದರೆ ಅರ್ಧಚಂದ್ರದ ಗುರುತು. ಎಣ್ಣೆ ಬಟ್ಟೆಯಲ್ಲಿ ಒರೆಸಿದ ಗೆರೆಗಳು ಮಾತ್ರ ನೇರವಾಗಿದ್ದು ಮೋಸ ಮಾಡುತ್ತವೆ. ಅವು ಉಬ್ಬಕ್ಷರದ ಒಂದು ಬದಿಗೆ ಒತ್ತಾಗಿ ಮೆತ್ತಿಕೊಂಡು ಇನ್ನೊಂದು ಬದಿಯಲ್ಲಿ ಖಾಲಿ ಬಿಡುತ್ತವೆ.

ನಮ್ಮ ಮನೆಗಳ ನಾಣ್ಯಗಳಿಗೆ ಇನ್ನೂ ಬೇರೆ ಕಥೆಗಳಿವೆ. ಕಲಶದ ನೀರಿನಲ್ಲಿ ಅರ್ಧ ಮುಳುಗಿದ್ದ ನಾಣ್ಯಕ್ಕೆ ನೀರಿನ ಗೆರೆ ಬೀಳುತ್ತದೆ. ದೇವರ ಕೋಣೆಯ ನಾಣ್ಯಕ್ಕೆ ಅರಿಶಿನ ಹಿಡಿದು ಹಳದಿಯಾಗಿದ್ದನ್ನು ‘ಹಿತ್ತಾಳೆ ಬೆರೆತಿದೆ’ ಅನ್ನುತ್ತಾರೆ. ಹುಣಸೆಹಣ್ಣಿನಲ್ಲಿ ತಿಕ್ಕಿದ್ದು ನಸುಗೆಂಪಾಗಿ ಬೆತ್ತಲಾಗಿ, ಆಮೇಲೆ ತೇಪೆ ತೇಪೆಯಾಗಿ ಕಪ್ಪಾಗುತ್ತದೆ. ಒಡವೆಗೆಂದು ಚಿನ್ನದ ನೀರು ಹಾಕಿಸಿದ್ದರೆ ಅದು ಸವೆದು ಅಕ್ಷರಗಳ ಮೂಲೆಯಲ್ಲಷ್ಟೇ ಉಳಿದಿರುತ್ತದೆ. ನಾಣ್ಯ ಪೂರ್ತಿ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಇನ್ನಷ್ಟು ಅನುಮಾನ ಪಡಿ. ತಾಮ್ರಕ್ಕೆ ಸತು ಲೇಪಿಸಿ ಬಿಸಿ ಮಾಡಿದರೆ ಮೇಲ್ಮೈ ಹಿತ್ತಾಳೆಯಾಗುವುದು ಕಾಲೇಜು ಪ್ರಯೋಗಾಲಯದ ಹಳೇ ಆಟ.

ಅಂಟಿದ್ದು ಬಿಡುತ್ತದೋ ನೋಡಲು ಶುದ್ಧ ಅಸಿಟೋನ್ ಸಾಕು, ಉಗುರುಬಣ್ಣ ತೆಗೆಯುವ ದ್ರವ ಬೇಡ. ಗಾಜಿನ ಬಟ್ಟಲು, ಐದು ನಿಮಿಷ, ಕಿಟಕಿ ತೆರೆದಿರಲಿ, ಒಲೆ ದೀಪ ಹತ್ತಿರ ಇರಬಾರದು. ಹೊಸ ಅಸಿಟೋನಿನಲ್ಲಿ ಮತ್ತೊಮ್ಮೆ ಅದ್ದಿ, ಒರೆಸದೆ ಒಣಗಲು ಬಿಡಿ. ಅರಿಶಿನವಿದ್ದರೆ ದ್ರವ ಹಳದಿಗೆ ತಿರುಗುತ್ತದೆ. ಎಣ್ಣೆ, ವಾರ್ನಿಷ್, ಪ್ಲಾಸ್ಟಿಕ್ ಕವರಿನ ಹಸಿರು ಅಂಟು ಬಿಡುತ್ತವೆ. ಕಿಲುಬು, ಟೋನಿಂಗ್, ಲೋಹದೊಳಗಿನ ಪಟ್ಟೆ ಯಾವುದೂ ಅಲುಗುವುದಿಲ್ಲ.

ನೀರಿನಲ್ಲಿ ಮುಳುಗಿಸಿ ಸಾಂದ್ರತೆ ಅಳೆದು ‘ಸಾಬೀತಾಯಿತು’ ಅನ್ನುವವರಿಗೆ ಒಂದು ಲೆಕ್ಕ. 4.86 ಗ್ರಾಂ ಕಂಚಿನ ನಾಣ್ಯ ಸುಮಾರು 0.548 ಗ್ರಾಂ ನೀರನ್ನು ಸರಿಸುತ್ತದೆ. ಅಷ್ಟೇ ತೂಕದ ಅಪ್ಪಟ ತಾಮ್ರ 0.542 ಗ್ರಾಂ. ವ್ಯತ್ಯಾಸ 0.006. ನಿಮ್ಮ ತಕ್ಕಡಿ ತೋರಿಸುವುದೇ 0.01ರವರೆಗೆ! ಲೋಹಗಳ ಪ್ರಮಾಣ ಹೇಳುವ ಒಡವೆ ಅಂಗಡಿಯ ಎಕ್ಸ್-ರೇ ಯಂತ್ರವೂ ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ಕಿಲುಬು ಹಿಡಿದ ಮೈಯಲ್ಲಿ ಲೋಹಗಳ ಪ್ರಮಾಣ ಒಳಗಿನಂತೆಯೇ ಇರುವುದಿಲ್ಲ. ಜೊತೆಗೆ ಅದರ ಕಿರಣ ಬೀಳುವ ಚುಕ್ಕೆ ಪಟ್ಟೆಗಿಂತ ಅಗಲವಾಗಿದ್ದರೆ ಸಿಗುವುದು ಎರಡರ ಸರಾಸರಿ.

ಕೊಳ್ಳುವ ಮುನ್ನ ಮಾರುವವರಿಂದ ಮೂರು ಫೋಟೋ ಕೇಳಿ: ಮುಂಭಾಗ, ಹಾಳೆಯಂತೆ ಮಗುಚಿದ ಹಿಂಭಾಗ, ತಕ್ಕಡಿಯ ಮೇಲಿನ ತೂಕ. ಬಣ್ಣ ಹೆಚ್ಚಿಸಿದ ಫೋಟೋ ಬೇಡ, ಬಿಳಿ ಹಾಳೆಯ ಮೇಲಿಟ್ಟು ಹಗಲು ಬೆಳಕಿನಲ್ಲಿ ತೆಗೆದದ್ದೇ ಬೇಕೆನ್ನಿ. ಒಂದೇ ಬದಿಯ ಚಿತ್ರ ಕಳಿಸಿ ಸುಮ್ಮನಾದರೆ ಮಾಮೂಲಿ ಕಾಲಾಣೆಯ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ.