ಮೈನರ್‌ಗಾಗಿ ಕಾಲೇಜನ್ನು ಎರಡು ಸಲ ಹಾಕಬೇಕಿಲ್ಲ

‘ಲಿಂಕ್ಡ್‌ಇನ್‌ನಲ್ಲಿ ಮೈನರ್ ವಿಷಯ (ಡಿಗ್ರಿಯ ಮುಖ್ಯ ವಿಷಯದ ಜೊತೆ ಓದುವ ಇನ್ನೊಂದು ವಿಷಯ) ಬರೆಯಲು ಜಾಗವಿಲ್ಲ, ಅದೇ ಕಾಲೇಜನ್ನು ಇನ್ನೊಂದು ಸಲ ಸೇರಿಸಿ’ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಸರಿ. ಮೈನರ್‌ಗೆ ಬೇರೆ ಕಾಲಂ ಇಲ್ಲ, ನಿಜ. ಆದರೆ ‘ಫೀಲ್ಡ್ ಆಫ್ ಸ್ಟಡಿ’ ಕಾಲಂನಲ್ಲಿ ನಾವೇ ಟೈಪ್ ಮಾಡಬಹುದು. ಪಟ್ಟಿಯಲ್ಲಿ ಬಂದದ್ದನ್ನೇ ಆರಿಸಬೇಕೆಂದಿಲ್ಲ. ‘ಸಿವಿಲ್ ಎಂಜಿನಿಯರಿಂಗ್, ಮೈನರ್ ಇನ್ ಡೇಟಾ ಸೈನ್ಸ್’ ಎಂದು ಒಂದೇ ಸಾಲಲ್ಲಿ ಬರೆದರೆ ಸಾಕು. ಓದಿದ ಪೇಪರ್‌ಗಳ ಹೆಸರು ಕೆಳಗಿನ ‘ಡಿಸ್ಕ್ರಿಪ್ಷನ್’ನಲ್ಲಿ ಹಾಕಿ.

ಎರಡು ಸಲ ಹಾಕಿದರೆ ಎರಡು ಡಿಗ್ರಿ ಇದ್ದ ಹಾಗೆ ಕಾಣುತ್ತದೆ. ಇಂಟರ್‌ವ್ಯೂನಲ್ಲಿ ಎರಡನೇ ಸರ್ಟಿಫಿಕೇಟ್ ಕೇಳಿದರೆ ಏನು ತೋರಿಸುತ್ತೀರಿ? ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರ ಮಂಡಳಿ ಎಐಸಿಟಿಇ ಲೆಕ್ಕದಲ್ಲಿ ಎಂಜಿನಿಯರಿಂಗ್ ಮೈನರ್ ಎಂದರೆ ಅದೇ ಡಿಗ್ರಿಯ ಜೊತೆ 18ರಿಂದ 20 ಕ್ರೆಡಿಟ್ ಜಾಸ್ತಿ ಓದುವುದು, ಅಷ್ಟೇ. ಸುಮ್ನೆ ಒಂದೆರಡು ಆನ್‌ಲೈನ್ ಕೋರ್ಸ್ ಮಾಡಿದ್ದರೆ ಅದನ್ನು ಮೈನರ್ ಅನ್ನಬೇಡಿ. ಅದಕ್ಕೆ ಸರ್ಟಿಫಿಕೇಟ್‌ಗಳ ವಿಭಾಗ ಬೇರೆಯೇ ಇದೆ.