ಮಗು ಮುದ್ದಾಗಿದೆ, ಗೊತ್ತು. ಕೈ ತೊಳೆದ್ರಾ?

ಇವತ್ತು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮವರದೇ ಒಂದು ನಾಮಕರಣ. ಮಗುವಿಗೆ ಇನ್ನೂ ಎರಡು ತಿಂಗಳು ತುಂಬಿಲ್ಲ. ಶಾಸ್ತ್ರ ಮುಗಿದದ್ದೇ ತಡ, ಮಂಗಳಾರತಿ ತಟ್ಟೆಯ ಹಾಗೆ ಅದು ಕೈಯಿಂದ ಕೈಗೆ ಹಾಲ್ ತುಂಬಾ ಸುತ್ತಿತು. ದೂರದ ಸಂಬಂಧದ ಮಾವ ಒಬ್ಬರು ಕರ್ಚೀಫಿಗೆ ಸೀನಿ, ಅದನ್ನು ನೀಟಾಗಿ ಮಡಚಿ ಜೇಬಿಗಿಟ್ಟು, ಅದೇ ಕೈಯಲ್ಲಿ ಮಗುವನ್ನು ಎತ್ತಿಕೊಂಡು ಮುತ್ತು ಕೊಟ್ಟರು.

"ಮಾವ, ನಿಮಗೆ ನೆಗಡಿ ಇದೆ" ಅಂದೆ.

"ಸ್ವಲ್ಪ ನೆಗಡಿ ಕಣಮ್ಮ. ಆಸ್ಪತ್ರೆನ ಇಲ್ಲಿಗೂ ಹೊತ್ಕೊಂಡು ಬಂದ್ಯಾ?" ಅಂದರು. ಎಲ್ಲರೂ ನಕ್ಕರು. ಮಗುವಿನ ತಾಯಿ ಮಾತ್ರ ನಗಲಿಲ್ಲ.

ಹೌದು ಮಾವ, ಹೊತ್ಕೊಂಡೇ ಬಂದಿದ್ದೇನೆ. ನಾನು ಮಕ್ಕಳ ವಾರ್ಡಿನಲ್ಲಿ ದುಡಿಯುತ್ತೇನೆ ಅಂತ ಇಲ್ಲಿರುವವರಿಗೆಲ್ಲ ಗೊತ್ತು. ಮಳೆಗಾಲ ಹಿಡಿಯಿತು ಅಂದರೆ ಅಲ್ಲಿ ಪುಟ್ಟ ಮೂಗುಗಳಿಗೆ ಆಕ್ಸಿಜನ್ ನಳಿಕೆ. "ಮನೆಯಲ್ಲಿ ಯಾರಿಗಾದರೂ ನೆಗಡಿ ಇತ್ತಾ?" ಅಂತ ಕೇಳಿದರೆ, "ಅಣ್ಣನಿಗೆ ಇತ್ತು, ಸ್ವಲ್ಪ" ಅಂತಾರೆ. ಯಾವಾಗಲೂ ಸ್ವಲ್ಪವೇ.

ಆರ್‌ಎಸ್‌ವಿ ಅಂತ ಒಂದು ವೈರಸ್. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ತಗಲುತ್ತದೆ. ದೊಡ್ಡವರಿಗೆ ಬಂದರೆ ಸಾಮಾನ್ಯವಾಗಿ ಬರೀ ನೆಗಡಿ. ಎಳೆಗೂಸಿಗೆ ಹಾಗಲ್ಲ. ಅದರ ಶ್ವಾಸಕೋಶದ ಕೊನೆಯ ನಳಿಕೆಗಳು ತೀರಾ ಸಣ್ಣವು. ಒಳಗೆ ಸ್ವಲ್ಪ ಊದಿ ಕಫ ಕಟ್ಟಿದರೂ ಗಾಳಿಗೆ ದಾರಿ ಇಲ್ಲ. ಪ್ರಪಂಚದಲ್ಲಿ ಪ್ರತಿ ವರ್ಷ ಐದು ವರ್ಷದೊಳಗಿನ ಸುಮಾರು 1 ಲಕ್ಷ ಮಕ್ಕಳು ಇದರಿಂದ ಸಾಯುತ್ತಾರೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆರು ತಿಂಗಳೂ ತುಂಬದವು. ಹೆಚ್ಚಿನ ಸಾವು ನಮ್ಮಂಥ ದೇಶಗಳಲ್ಲೇ.

ಇನ್ನು ಕೈ. ಪರೇಲ್‌ನಿಂದ ಲೋಕಲ್ ರೈಲಿನ ಕಂಬಿ ಹಿಡಿದುಕೊಂಡು ಬಂದ ಕೈ ಸೀದಾ ಮಗುವಿನ ಕೆನ್ನೆಗೆ. ಈ ವೈರಸ್ ಗಟ್ಟಿ ವಸ್ತುಗಳ ಮೇಲೆ ಗಂಟೆಗಟ್ಟಲೆ ಬದುಕುತ್ತದೆ. ಕೋವಿಡ್‌ನಲ್ಲಿ ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆದವರು ಇವರೇ ಅಲ್ವಾ? ಹಾಲಿನ ಪ್ಯಾಕೆಟ್ಟಿಗೆ ಸಿಕ್ಕ ಮರ್ಯಾದೆ ಈ ಕೂಸಿಗೆ ಬೇಡವಾ?

"ನಮ್ಮ ಕಾಲದಲ್ಲಿ ಒಂದೇ ಮನೆಯಲ್ಲಿ ಇಪ್ಪತ್ತು ಜನ, ಏನೂ ಆಗ್ತಿರಲಿಲ್ಲ. ಇಮ್ಯುನಿಟಿ ಬೆಳೀಬೇಕು" ಅಂದರು ಒಬ್ಬರು ಅತ್ತೆ. ಏನೂ ಆಗ್ತಿರಲಿಲ್ಲವಾ? ನಮ್ಮಜ್ಜಿಗೆ ಎಂಟು ಹೆರಿಗೆ, ಉಳಿದದ್ದು ಐದು. ಉಳಿದವರೇ ಇವತ್ತು ಕೂತು ಈ ಮಾತು ಹೇಳುವುದು. ಇನ್ನು ಇಮ್ಯುನಿಟಿ. ಆರ್‌ಎಸ್‌ವಿ ಒಮ್ಮೆ ಬಂದರೆ ಮುಗಿಯಿತು ಅಂತಿಲ್ಲ, ಜೀವನಪೂರ್ತಿ ಮತ್ತೆ ಮತ್ತೆ ಬರಬಹುದು. ಬರಲಿ, ಆದರೆ ನಳಿಕೆ ಸ್ವಲ್ಪ ದೊಡ್ಡದಾದ ಮೇಲೆ ಬರಲಿ. ಮೊದಲ ಆರು ತಿಂಗಳು ದಾಟಿಸಿ ಅಂತಷ್ಟೇ ನಾನು ಬಾಯಿ ಬಡ್ಕೊಳ್ಳೋದು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಹೃದಯದ ತೊಂದರೆ ಇದ್ದದ್ದು ಆದರಂತೂ ಇನ್ನೂ ಜಾಸ್ತಿ ಹುಷಾರು. ಆಮೇಲೆ ಆ ಸಾಂಬ್ರಾಣಿ. ದೇವರಿಗೆ ಹಾಕಿ, ಬೇಡ ಅನ್ನೋದಿಲ್ಲ. ಮಗುವಿನ ಮುಖಕ್ಕೆ ಹೊಗೆ ಬೇಡ.

ಮಾತಾಡುವಾಗ ಹಿಂದಿನ ಸಾಲಿನಿಂದ ಇನ್ನೊಂದು ಕೇಳಿಸಿತು. "ಅವಳಿಗೆ ಮಕ್ಕಳಿಲ್ಲ ನೋಡಿ, ಅದಕ್ಕೇ." ಕೇಳಿಸಲಿ ಅಂತಲೇ ಹೇಳಿದ್ದು. ಹೌದು, ಇಲ್ಲ. ಎಳೆಗೂಸಿನ ನೆತ್ತಿಯ ವಾಸನೆ ನನಗೂ ಇಷ್ಟ. ಎತ್ತಿಕೊಳ್ಳಬೇಕು ಅಂತ ನನಗೂ ಆಸೆ, ನಿಮಗಿಂತ ಜಾಸ್ತಿಯೇ ಇರಬಹುದು. ಆದರೂ ಗಂಟಲು ಕೆರೆದ ದಿನ ನಾನು ತೊಟ್ಟಿಲ ಹತ್ತಿರ ಸುಳಿಯುವುದಿಲ್ಲ.

ನನ್ನ ಸಿಟ್ಟು ವೈರಸ್ ಮೇಲಲ್ಲ. "ಬೇಡ" ಅನ್ನುವ ಕೆಲಸವನ್ನು ಆ ಬಾಣಂತಿಯ ತಲೆಗೆ ಕಟ್ಟುತ್ತೇವಲ್ಲ, ಅದರ ಮೇಲೆ. ಅವಳು ಹೇಗೆ ಹೇಳಬೇಕು? ಹೇಳಿದರೆ ಸೊಕ್ಕು. ಹೇಳದೆ ಮಗು ಹುಷಾರು ತಪ್ಪಿದರೆ "ನೋಡ್ಕೊಳ್ಳೋಕೆ ಬರಲ್ಲ". ಸೀನಿದ ಮಾವನಿಗೆ ಮಾತ್ರ ಎರಡನೇ ಪಂಕ್ತಿಯಲ್ಲಿ ಎಲೆ.

ಮನೆಯಲ್ಲಿ ಎಳೆ ಮಗು ಇದ್ದವರು ಇದನ್ನು ನೋಡಿಕೊಳ್ಳಿ. ನೆಗಡಿ ಶುರುವಾಗಿ ಮೂರರಿಂದ ಐದನೇ ದಿನಕ್ಕೆ ಜೋರಾಗುವುದು ಹೆಚ್ಚು. ಹಾಲು ಕುಡಿಯುತ್ತಿಲ್ಲ, ಉಚ್ಚೆ ಕಡಿಮೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದೆ, ಮೂಗಿನ ಹೊಳ್ಳೆ ಅರಳುತ್ತಿದೆ ಅಂದರೆ ಕಾಯಬೇಡಿ. ನಿಮಿಷಕ್ಕೆ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಮುಟ್ಟಿದರೆ, ಅದಕ್ಕಿಂತ ದೊಡ್ಡದಕ್ಕೆ, ವರ್ಷದೊಳಗೆ, 50 ಮುಟ್ಟಿದರೆ ಹೊರಡಿ. ತುಟಿ ನೀಲಿಯಾದರೆ, ಉಸಿರು ನಡುನಡುವೆ ನಿಂತರೆ ಎಣಿಸುತ್ತಲೂ ಕೂರಬೇಡಿ. ಆಂಟಿಬಯಾಟಿಕ್ ಬರೆದುಕೊಡಿ ಅಂತ ಡಾಕ್ಟರ ಜೊತೆ ಜಗಳವೂ ಬೇಡ. ಅದು ವೈರಸ್ಸಿಗೆ ನಾಟುವುದಿಲ್ಲ.

ಲಸಿಕೆ ಇಲ್ವಾ ಅಂತ ಕೇಳುತ್ತೀರಿ. 1960ರ ದಶಕದಲ್ಲಿ ಅಮೆರಿಕದಲ್ಲಿ ಒಂದನ್ನು ಮಕ್ಕಳ ಮೇಲೆ ಪ್ರಯೋಗಿಸಿದರು. ಅದು ತಿರುಗುಬಾಣವಾಗಿ, ಲಸಿಕೆ ಪಡೆದವರಲ್ಲೇ ಕಾಯಿಲೆ ಜೋರಾಗಿ ಇಬ್ಬರು ಮಕ್ಕಳು ತೀರಿಕೊಂಡರು. ಆಮೇಲೆ ದಶಕಗಟ್ಟಲೆ ಎಲ್ಲರಿಗೂ ಭಯ. 2023ರಲ್ಲಿ ಅಲ್ಲಿ ಗರ್ಭಿಣಿಯರಿಗೆ ಕೊಡುವ ಲಸಿಕೆಗೆ ಒಪ್ಪಿಗೆ ಸಿಕ್ಕಿತು. ತಾಯಿಯ ರಕ್ತದಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯ ಹೊಟ್ಟೆಯೊಳಗೇ ಮಗುವಿಗೆ ಸೇರುತ್ತದೆ. ಅದೇ ವರ್ಷ ಮಗುವಿಗೇ ನೇರವಾಗಿ ಪ್ರತಿಕಾಯ ಕೊಡುವ ನಿರ್ಸೆವಿಮ್ಯಾಬ್ ಇಂಜೆಕ್ಷನ್ನಿಗೂ. ಒಂದು ಡೋಸಿಗೆ ಸುಮಾರು ಐದು ತಿಂಗಳ ರಕ್ಷಣೆ. ನಮ್ಮ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇವಿಲ್ಲ. ಬಸುರಿಯರು ನಿಮ್ಮ ಡಾಕ್ಟರನ್ನೇ ಕೇಳಿ.

ಸೋಪಿಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ಮುಂದಿನ ಭಾನುವಾರ ಥಾಣೆಯಲ್ಲಿ ಇನ್ನೊಂದು ತೊಟ್ಟಿಲು ಶಾಸ್ತ್ರ ಇದೆ. ಅವರ ಬಾಗಿಲಲ್ಲಿ ಅಕ್ಷತೆ ಬಟ್ಟಲಿನ ಪಕ್ಕ ಸ್ಯಾನಿಟೈಸರ್ ಹಿಡಿದು ನಾನೇ ನಿಂತಿರುತ್ತೇನೆ. ನೆಗಡಿ ಇದ್ದವರು ಮುಯ್ಯಿ ಗೂಗಲ್ ಪೇ ಮಾಡಿ, ಮನೆಯಲ್ಲೇ ಇರಿ. ಹೋಳಿಗೆ ಡಬ್ಬಿಗೆ ಹಾಕಿ ಕಳಿಸುವ ಜವಾಬ್ದಾರಿ ನನ್ನದು. ಮಾವ, ನಿಮಗೆ ಎರಡು ಜಾಸ್ತಿ.